ಕಾಗದ ಕೈಗೆ ಬರುವ ಮೊದಲು ಡೈಲಾಗ್ ಕಳಿಸಬೇಡಿ

ಮೊನ್ನೆ ಮಂಜೇಶ್ವರ ಕಡೆಯ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. "ಅಕ್ಕಾ, ಸೀರಿಯಲ್‌ಗೆ ಡೈಲಾಗ್ ಬರೆಯಲು ಕರೆದಿದ್ದಾರೆ. ಮೊದಲು ಐದು ಎಪಿಸೋಡ್ ಟ್ರಯಲ್ ಅಂತೆ, ಅಗ್ರಿಮೆಂಟ್ ಆಮೇಲಂತೆ." ನನ್ನ ಎದೆ ಧಸಕ್ಕೆಂದಿತು. ನನಗೂ ಹೀಗೇ ಹೇಳಿದ್ದರು.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದವಳು. ನನ್ನ ಒಂದು ಕತೆ ಓದಿ ಬೆಂಗಳೂರಿನ ಸಂಭಾಷಣೆಕಾರರೊಬ್ಬರು ಫೋನ್ ಮಾಡಿದರು. "ನಿಮ್ಮ ಕಡೆಯ ಕನ್ನಡ ಚೆನ್ನಾಗಿದೆ ಮೇಡಂ, ನಮ್ಮ ಅಜ್ಜಿ ಪಾತ್ರಕ್ಕೆ ಇದೇ ಬೇಕು" ಎಂದರು. ಎಪಿಸೋಡಿಗೆ 1,500 ರೂಪಾಯಿ, ಟೈಟಲ್ ಕಾರ್ಡಿನಲ್ಲಿ ಹೆಸರು. ಎಲ್ಲವೂ ಬಾಯಿಮಾತು.

ದಿನಾ ಮಧ್ಯಾಹ್ನ ವಾಟ್ಸಾಪಿನಲ್ಲಿ ಸೀನ್ ಆರ್ಡರ್, ಅಂದರೆ ಯಾವ ಸೀನಿನಲ್ಲಿ ಏನಾಗಬೇಕು ಎಂಬ ಪಟ್ಟಿ, ಬರುತ್ತಿತ್ತು. ರಾತ್ರಿ 11ರೊಳಗೆ ಡೈಲಾಗ್ ಹೋಗಬೇಕು, ಬೆಳಿಗ್ಗೆ ಶೂಟಿಂಗ್. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೂ 20–22 ನಿಮಿಷದ ಮಾತು ಬೇಕಲ್ವಾ? ಗುರುವಾರ ಟಿಆರ್‌ಪಿ ಬಂದರೆ ಕತೆಯೇ ತಿರುಗುತ್ತಿತ್ತು. ಬರೆದದ್ದನ್ನು ಮತ್ತೆ ಬರೆಯಬೇಕು, ಅದಕ್ಕೆ ಬೇರೆ ದುಡ್ಡಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ರೇಂಜೂ ಹೋಗುತ್ತದೆ. ಫೋನಿಗೆ ಪ್ಲಾಸ್ಟಿಕ್ ಸುತ್ತಿ, ಕೊಡೆ ಹಿಡಿದು, ತೋಟದ ಮೇಲಿನ ಗುಡ್ಡೆ ಹತ್ತಿ ಫೈಲ್ ಕಳಿಸಿದ್ದೇನೆ. ಹಾಗೆ 38 ಎಪಿಸೋಡ್ ಬರೆದೆ.

ಒಂದು ಸಂಜೆ ಟಿವಿಯಲ್ಲಿ ಆ ಅಜ್ಜಿ ಸೊಸೆಗೆ ಹೇಳಿದಳು: "ಬೇಲಿ ಕಟ್ಟಿದವನಿಗೆ ಗೊತ್ತು ಮಗಾ, ಕಂಡಿ ಎಲ್ಲಿ ಉಂಟೂಂತ." ಅಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಇದು ನಮ್ಮ ಅಜ್ಜಿಯ ಮಾತಲ್ವಾ?" ಹೌದು, ಅವರದ್ದೇ. ಮರುದಿನ ಇಬ್ಬರೂ ಟೈಟಲ್ ಕಾರ್ಡಿಗಾಗಿ ಕಾದು ಕೂತೆವು. ಸಂಭಾಷಣೆ ಅಂತ, ನನಗೆ ಫೋನ್ ಮಾಡಿದ್ದ ಆ ಬೆಂಗಳೂರಿನವರೊಬ್ಬರದ್ದೇ ಹೆಸರು.

ಕೇಳಿದರೆ, "ಚಾನೆಲ್‌ನಿಂದ ಪೇಮೆಂಟ್ ಬರಲಿ ಮೇಡಂ." ಬರಬೇಕಾದದ್ದು 57,000, ಬಂದದ್ದು 6,000. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ದುಡ್ಡಿಗಿಂತ ಜಾಸ್ತಿ ನೋವಾದದ್ದು ಆ ಹೆಸರಿನ ವಿಷಯ.

ಕಾಸರಗೋಡಿನ ವಕೀಲರೊಬ್ಬರನ್ನು ಕಂಡೆ. ಅವರು ಹೇಳಿದ್ದನ್ನು ಮೊದಲೇ ತಿಳಿದಿದ್ದರೆ! ನೀವು ಅವರ ನೌಕರರಲ್ಲದಿದ್ದರೆ ಬರೆದದ್ದರ ಹಕ್ಕು ನಿಮ್ಮದೇ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ನೀವು ಸಹಿ ಹಾಕಿದ ಬರಹ ಇಲ್ಲದೆ ಅದು ಇನ್ನೊಬ್ಬರಿಗೆ ಹೋಗುವುದಿಲ್ಲ. ಬರೆದವರು ನಾವೇ ಎಂದು ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್‌ನಲ್ಲಿದೆ. ಗಡಿಯಲ್ಲಿರುವ ನಮಗೆ ಮುಖ್ಯವಾದದ್ದು 62ನೇ ಸೆಕ್ಷನ್: ಕಾಪಿರೈಟ್ ದಾವೆಯನ್ನು ನಾವು ವಾಸವಿರುವ ಊರಿನ ಜಿಲ್ಲಾ ಕೋರ್ಟಿನಲ್ಲೇ ಹಾಕಬಹುದು. ಸುಮ್ನೆ ಬೆಂಗಳೂರಿಗೆ ಅಲೆಯಬೇಕಿಲ್ಲ. ಆದರೆ ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ, 1978ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಹಾಗಾಗಿ ಫೋನಿನಲ್ಲಿ ಕತೆ ಹೇಳಬೇಡಿ. ಬರೆದು, ಕಾಪಿರೈಟ್ ಆಫೀಸಿನಲ್ಲಿ 500 ರೂಪಾಯಿ ಕಟ್ಟಿ ನೋಂದಾಯಿಸಿ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನ ಸದಸ್ಯರಾದರೆ ಅಲ್ಲೂ ಆನ್‌ಲೈನಿನಲ್ಲೇ ಮಾಡಬಹುದು.

ಟ್ರಯಲ್ ಅಂದರೆ ಒಂದು ಸೀನ್ ಸಾಕು ಅಂತ ಆ ಹುಡುಗಿಗೆ ಹೇಳಿದೆ. ಎಪಿಸೋಡಿಗೆ ಎಷ್ಟು, ಯಾವ ತಾರೀಕಿಗೆ, ತಿದ್ದಿ ಬರೆದರೆ ಎಷ್ಟು, ಹೆಸರು ಹೇಗೆ ಹಾಕುತ್ತಾರೆ, ಎಲ್ಲವೂ ಕಾಗದದಲ್ಲಿ ಬರಲಿ. ಫೈಲನ್ನು ವಾಟ್ಸಾಪಿನಲ್ಲಿ ಬೇಡ, ಈಮೇಲಿನಲ್ಲೇ ಕಳಿಸು ಅಂದೆ. ನಾನು ಹೊಸ ಫೋನ್ ತೆಗೆದುಕೊಂಡಾಗ ಹಳೆಯ ಚಾಟ್ ಎಲ್ಲ ಹೋಯಿತು. 38ರಲ್ಲಿ 11 ಎಪಿಸೋಡಿಗೆ ಮಾತ್ರ ಈಗ ನನ್ನ ಕೈಯಲ್ಲಿ ಆಧಾರ ಇದೆ.