ಮಕ್ಕಳಿಗೆ ಪ್ರವೇಶವಿಲ್ಲ: ಮೆಕ್ಸಿಕೋದ ರೆಸಾರ್ಟಿನಲ್ಲಿ ನಾಲ್ಕು ರಾತ್ರಿ

ಗದಗಿನಲ್ಲಿರುವ ನಮ್ಮಕ್ಕನಿಗೆ ಫೋನಿನಲ್ಲಿ ವಿಷಯ ಹೇಳಿದಾಗ ಆಕೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. 'ಅಡಲ್ಟ್ಸ್ ಓನ್ಲಿ ರೆಸಾರ್ಟ್' ಅಂದಿದ್ದೆ ನಾನು. ನಮ್ಮ ಕಾಲದಲ್ಲಿ ಆ ಮಾತು ಕಾಣುತ್ತಿದ್ದದ್ದು ಟಾಕೀಸಿನ ಪೋಸ್ಟರ್ ಮೇಲೆ, ಸುತ್ತು ಹಾಕಿದ 'ಎ' ಅಕ್ಷರದ ಜೊತೆಗೆ. ಆ ಪೋಸ್ಟರ್ ಅಂಟಿಸಿದ ಗೋಡೆ ಬಂದರೆ ಅವ್ವ ನಮ್ಮನ್ನು ರಸ್ತೆಯ ಆ ಕಡೆಗೆ ದಾಟಿಸುತ್ತಿದ್ದಳು. "ಈ ವಯಸ್ಸಿನಾಗ ಅಂಥಲ್ಲಿಗೆ ಯಾಕ ಹೊಂಟೀರಿ?" ಅಂದಳು ಅಕ್ಕ. ಅಂಥದ್ದೇನಿಲ್ಲ, ಹದಿನೆಂಟು ತುಂಬದವರನ್ನು ಒಳಗೆ ಬಿಡುವುದಿಲ್ಲ ಅಷ್ಟೇ, ಅಂತ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು.

ನಾವಿರೋದು ಡಲ್ಲಾಸಿನಲ್ಲಿ. ಚಿಕ್ಕ ಮಗ ಹೋದ ವರ್ಷ ಕಾಲೇಜಿಗೆ ಹೋದ. ಈ ಮೇ ತಿಂಗಳಿಗೆ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ. ಇಷ್ಟು ವರ್ಷದ ರಜೆಗಳೆಲ್ಲ ರೋಲರ್ ಕೋಸ್ಟರ್ ಸಾಲಿನಲ್ಲಿ ನಿಂತೇ ಕಳೆದಿವೆ. ಈ ಸಲವಾದರೂ ಸುಮ್ನೆ ಕೂತು ಬರೋಣ ಅಂತ ಹೊರಟೆವು. ಡಲ್ಲಾಸಿನಿಂದ ಕಾನ್‌ಕೂನ್ ವಿಮಾನದಲ್ಲಿ ಮೂರು ಗಂಟೆಯೊಳಗಿನ ದಾರಿ. ಅಲ್ಲಿಂದ ಪ್ಲಾಯಾ ದೆಲ್ ಕಾರ್ಮೆನ್ ಕಡೆಗೆ ವ್ಯಾನಿನಲ್ಲಿ ಮುಕ್ಕಾಲು ಗಂಟೆ. ಇಬ್ಬರಿಗೆ ನಾಲ್ಕು ರಾತ್ರಿಗೆ 2,040 ಡಾಲರ್ ಕೊಟ್ಟೆವು. ರೂಮು, ಊಟ, ತಿಂಡಿ, ಕುಡಿಯೋದು, ಏರ್‌ಪೋರ್ಟಿನಿಂದ ಕರೆದೊಯ್ಯೋದು ಎಲ್ಲ ಅದರಲ್ಲೇ. ವಿಮಾನದ ಟಿಕೆಟ್ ಬೇರೆ. ರೆಸಾರ್ಟಿನ ಹೆಸರು ಬರೆಯುವುದಿಲ್ಲ. ಆ ಕರಾವಳಿಯಲ್ಲಿ ಇಂಥವು ಸಾಲಾಗಿ ಇವೆ. ಹೋಗಿ ಬಂದ ಗೆಳತಿಯರನ್ನು ಕೇಳಿದರೆ ಎಲ್ಲರದ್ದೂ ಹೆಚ್ಚುಕಡಿಮೆ ಇದೇ ಕಥೆ.

ಒಟ್ಟಿಗೇ ದುಡ್ಡು ಕಟ್ಟಿ ಆಮೇಲೆ ಪರ್ಸ್ ಮುಟ್ಟದೇ ಇರುವ ಈ ಏರ್ಪಾಟು ಹೊಸದೇನಲ್ಲ. ಕ್ಲಬ್ ಮೆಡ್ ಅನ್ನುವ ಪ್ರವಾಸದ ಕಂಪನಿಯವರು 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆ ಹಾಕಿ ಶುರು ಮಾಡಿದ್ದು. ಕಾನ್‌ಕೂನ್ ಅದಕ್ಕಿಂತ ಚಿಕ್ಕದು. ಮೆಕ್ಸಿಕೋ ಸರ್ಕಾರವೇ ಪ್ರವಾಸಿಗರಿಗೆ ಅಂತ ಕಟ್ಟಿಸಿದ ಊರು ಅದು, ಮೊದಲ ಹೋಟೆಲುಗಳು ತೆರೆದದ್ದು 1974ರಲ್ಲಿ. ಅಂದರೆ ನಮ್ಮಕ್ಕನಿಗಿಂತ ಏಳು ವರ್ಷ ಸಣ್ಣದು.

ಬಾಗಿಲಲ್ಲೇ ತಣ್ಣನೆ ಒದ್ದೆ ಟವೆಲ್ ಕೊಟ್ಟರು, ಒಂದು ಗ್ಲಾಸು ಏನೋ ಬುರುಗು ಕೊಟ್ಟರು, ಕೈಗೆ ನೀಲಿ ಪಟ್ಟಿ ಕಟ್ಟಿದರು. ಸಹಿ ಮಾಡಿ ಏಳುವಷ್ಟರಲ್ಲಿ ಕೋಟು ಹಾಕಿದ ಒಬ್ಬರು ಬಂದು, "ನಾಳೆ ಬೆಳಿಗ್ಗೆ ನಿಮಗಾಗಿ ವಿಶೇಷ ತಿಂಡಿ, ಜೊತೆಗೆ ರೆಸಾರ್ಟಿನ ಪರಿಚಯ" ಅಂದರು. ತೊಂಬತ್ತೇ ನಿಮಿಷವಂತೆ. ಇವರು ಹೂಂ ಅಂದುಬಿಟ್ಟರು. ಎಲ್ಲ ತಿಂಡಿಯೂ ಪುಕ್ಕಟೆ ಇರುವಾಗ ಈ ಪುಕ್ಕಟೆ ತಿಂಡಿ ಯಾಕೆ ಅಂತ ಇಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು, ಅಲ್ವಾ?

ಮರುದಿನ ಅದು ಮೂರೂಕಾಲು ಗಂಟೆ ನಡೆಯಿತು. ಮಾರಲು ಹೊರಟಿದ್ದದ್ದು ರೆಸಾರ್ಟಿನ ಇಪ್ಪತ್ತೈದು ವರ್ಷದ ಮೆಂಬರ್‌ಶಿಪ್, ಮೊದಲು ಮೂವತ್ತೆಂಟು ಸಾವಿರ ಡಾಲರ್. ಬೇಡ ಅಂದಾಗ ಇಪ್ಪತ್ತೊಂದು. ಮತ್ತೆ ಬೇಡ ಅಂದಾಗ 'ಮ್ಯಾನೇಜರ್' ಬಂದರು, ಹನ್ನೊಂದಕ್ಕೆ ಇಳಿಯಿತು. ಗಂಟೆಗಿಷ್ಟು ಅಂತ ಬೆಲೆ ಕುಸಿಯುವುದನ್ನು ನೋಡಿ ನನಗೆ ಸಂಜೆ ಹೊತ್ತಿನ ಕಾಯಿಪಲ್ಲೆ ಸಂತೆ ನೆನಪಾಯಿತು. ಕೊನೆಗೆ ನಾನೇ ಎದ್ದು ನಿಂತೆ. ಆವರೆಗೆ ನಗುನಗುತ್ತಾ ಇದ್ದ ಹುಡುಗ ನಮ್ಮ ಮುಖ ನೋಡದೆ ಕಾಗದ ಜೋಡಿಸಿಕೊಂಡು ಹೋದ. ಹೋಗುವವರಿಗೆ ನಾನು ಹೇಳೋದು ಇಷ್ಟೇ: ಆ ತಿಂಡಿಗೆ ಮೊದಲ ದಿನವೇ ಬೇಡ ಅನ್ನಿ, ನಿಂತುಕೊಂಡೇ ಅನ್ನಿ.

ಇನ್ನೊಂದು ದೂರು ರೂಮಿನದು. ರೂಮು ದೊಡ್ಡದಿತ್ತು, ಚೊಕ್ಕಟವಾಗಿತ್ತು. ಆದರೆ ನಾಟಕಶಾಲೆಯ ಬೆನ್ನಿಗೇ ಇತ್ತು. ರಾತ್ರಿ ಹನ್ನೊಂದರ ತನಕ ಡ್ರಮ್ಮಿನ ಸದ್ದಿಗೆ ಮಂಚದ ತಲೆದೆಸೆಯ ಹಲಗೆ ನಡುಗುತ್ತಿತ್ತು. ಬದಲಿಸಿಕೊಡಿ ಅಂದರೆ, "ಮೆಂಬರ್ ಆಗಿದ್ದರೆ ಈಗಲೇ ಕೊಡಬಹುದಿತ್ತು" ಅಂದರು. ಸಾಕಷ್ಟು ಸಲ ಕೌಂಟರಿಗೆ ಎಡತಾಕಿದ ಮೇಲೆ ಮೂರನೇ ರಾತ್ರಿಗೆ ಬೇರೆ ರೂಮು ಸಿಕ್ಕಿತು.

ಊಟದ ವಿಚಾರಕ್ಕೆ ಬರ್ತೀನಿ, ನಿಮಗೆಲ್ಲ ಬೇಕಾದದ್ದು ಅದೇ ಅಂತ ನನಗೆ ಗೊತ್ತು.

ನಾವು ಲಿಂಗಾಯತರು, ಮೊಟ್ಟೆಯನ್ನೂ ಮುಟ್ಟುವವರಲ್ಲ. ಬುಕ್ ಮಾಡುವಾಗ 'ಸಸ್ಯಾಹಾರ ಸಿಗುತ್ತದೆ' ಅಂತ ಬರೆದಿತ್ತು. ಸಿಗುತ್ತದೆ, ಸುಳ್ಳಲ್ಲ. ಆದರೆ ಕಣ್ಣಿಗೆ ಕಂಡ ಅನ್ನವೆಲ್ಲ ಅನ್ನ ಅಲ್ಲ. ಮೊದಲ ಮಧ್ಯಾಹ್ನ ಕೆಂಪಗಿನ ಟೊಮ್ಯಾಟೊ ಅನ್ನ ನೋಡಿ ಖುಷಿಯಿಂದ ಬಡಿಸಿಕೊಂಡೆ. ಯಾಕೋ ಅನುಮಾನ ಬಂದು ಕೇಳಿದರೆ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ್ದಂತೆ. ನುಣ್ಣಗೆ ಅರೆದ ಹುರುಳಿಕಾಳಿನಂಥ ಬೀನ್ಸ್ ಇತ್ತು, ಅದಕ್ಕೆ ಹಂದಿ ಕೊಬ್ಬು. ತಟ್ಟೆ ಹಾಗೇ ಬಿಟ್ಟು ಎದ್ದೆ. ಬಡಿಸುವ ಹುಡುಗ ಪಾಪ ನನಗಿಂತ ಜಾಸ್ತಿ ನೊಂದುಕೊಂಡ. ಅವನೇ ಒಂದು ಚೀಟಿಯ ಮೇಲೆ ಬರೆದುಕೊಟ್ಟ: ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ವೇವೊ, ಸಿನ್ ಕಾಲ್ದೊ ದೆ ಪೊಯೊ, ಸಿನ್ ಮಾಂತೇಕಾ. ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಕೋಳಿಸಾರು ಬೇಡ, ಕೊಬ್ಬು ಬೇಡ. 'ಸಿನ್' ಅಂದರೆ 'ಇಲ್ಲದೆ' ಅಂತ. ನಾಲ್ಕೂ ದಿನ ಆ ಚೀಟಿ ನನ್ನ ತಾಳಿಯಷ್ಟೇ ಜೋಪಾನವಾಗಿ ನನ್ನ ಜೊತೆಗಿತ್ತು.

ಅಲ್ಲಿ ಆರು ರೆಸ್ಟೋರೆಂಟ್ ಇದ್ದವು. ಇಟಾಲಿಯನ್, ಜಪಾನಿ, ಫ್ರೆಂಚ್ ಅಂತ ಬೋರ್ಡು. ಗಂಡಸರಿಗೆ ಉದ್ದ ಪ್ಯಾಂಟು, ಮುಚ್ಚಿದ ಷೂ ಕಡ್ಡಾಯ. ಅವುಗಳ ಬಗ್ಗೆ ಹೇಳುವಂಥದ್ದೇನಿಲ್ಲ, ನಮಗೆ ಎಲ್ಲ ಕಡೆಯೂ ಒಂದೇ ಅಣಬೆ ಸಿಕ್ಕಿತು, ಸಾಸ್ ಮಾತ್ರ ಬೇರೆ.

ನಾನು ಉಂಡದ್ದು ಬಫೆಯ ಮೂಲೆಯಲ್ಲಿ. ಅಲ್ಲಿ ಒಬ್ಬಾಕೆ ದುಂಡನೆ ಹಂಚಿನ ಮುಂದೆ ನಿಂತು ಮೆಕ್ಕೆಜೋಳದ ತೋರ್ತಿಯಾ ಅನ್ನುವ ತೆಳ್ಳನೆ ರೊಟ್ಟಿ ಮಾಡುತ್ತಿದ್ದಳು. ಹಂಚಿಗೆ 'ಕೊಮಾಲ್' ಅಂತಾರೆ. ಅವಳ ಹಿಟ್ಟಿನಿಂದ ಒಂದು ವಾಸನೆ ಬರುತ್ತಿತ್ತು, ಹೊಸದಾಗಿ ಸುಣ್ಣ ಬಳಿದ ಮನೆಯ ವಾಸನೆಯ ಹತ್ತಿರದ್ದು. ಮೊಬೈಲಿನಲ್ಲಿ ಅನುವಾದ ಮಾಡಿ ಕೇಳಿದೆ. ಅದು ನಿಜವಾಗಿಯೂ ಸುಣ್ಣವೇ! ಮೆಕ್ಕೆಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಸಿಪ್ಪೆ ಉಜ್ಜಿ ತೊಳೆದು, ಹಸಿಯಾಗಿಯೇ ರುಬ್ಬುತ್ತಾರಂತೆ. ಕಾಳನ್ನು ಹಾಗೇ ಬೀಸಿದರೆ ಹಿಟ್ಟಿಗೆ ಅಂಟು ಬರುವುದಿಲ್ಲ. ನಾವು ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ಜಿಗಿ ಬರಿಸುತ್ತೇವಲ್ಲ, ಅವರಿಗೆ ಆ ಕೆಲಸ ಸುಣ್ಣ ಮಾಡಿಕೊಡುತ್ತದೆ.

ನನ್ನ ಕೈ ಸುಮ್ಮನಿರಲಿಲ್ಲ. ಒಂದು ಉಂಡೆ ಕೊಡು ಅಂತ ಸನ್ನೆ ಮಾಡಿದೆ, ಕೊಟ್ಟಳು. ಕಲ್ಲಿನ ಮೇಲಿಟ್ಟು ನಮ್ಮ ರೊಟ್ಟಿ ಬಡಿದಂತೆ ಬಡಿಯೋಕೆ ಹೋದೆ. ಎರಡು ಸುತ್ತು ತಿರುಗುವಷ್ಟರಲ್ಲಿ ಅಂಚು ಸೀಳಿತು, ಇನ್ನು ತೆಳ್ಳಗಾಗಲ್ಲ ಅಂತ ಹಟ ಹಿಡಿಯಿತು. ಅವಳು ಅದನ್ನೇ ಎತ್ತಿ ಹಂಚಿಗೆ ಹಾಕಿ, ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕು, "ಗೊರ್ದೀತಾ" ಅಂದಳು. ದಪ್ಪ ರೊಟ್ಟಿಗೆ ಅಲ್ಲಿ ಹಾಗೇ ಅಂತಾರೆ. ಗುಂಡುಗುಂಡಗಿರುವ ಹೆಂಗಸಿಗೂ ಹಾಗೇ ಅಂತಾರಂತೆ. ಅವಳು ಅಂದದ್ದು ಯಾವುದಕ್ಕೆ ಅಂತ ನಾನು ಕೇಳಲಿಲ್ಲ, ಇವರು ಮಾತ್ರ ಇವತ್ತಿಗೂ ಕೇಳುತ್ತಾರೆ. ಆ ದಪ್ಪ ರೊಟ್ಟಿಗೆ ಕೊಬ್ಬು ಹಾಕದ ಕರಿಬೀನ್ಸು, ಬೆಣ್ಣೆಹಣ್ಣು, ಹಬನೇರೊ ಮೆಣಸಿನಕಾಯಿಯ ಚಟ್ನಿ, ಮೇಲೊಂದಿಷ್ಟು ನಿಂಬೆರಸ. ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದ ಜಂಬ ಅಲ್ಲಿ ನಡೆಯುವುದಿಲ್ಲ. ಅರ್ಧ ಚಮಚಕ್ಕೆ ಕಿವಿ ಬಿಸಿಯಾಗುತ್ತದೆ.

ಕುಡಿಯುವುದಕ್ಕೆ 'ಹಮೈಕಾ' ಅಂತ ಕಡುಕೆಂಪು ಪಾನಕ. ಬಾಯಿಗಿಟ್ಟ ಕೂಡಲೇ, "ಏನ್ರೀ, ಇದು ಪುಂಡಿ ಹುಳಿ ಅಲ್ಲೇನ್ರೀ?" ಅಂದೆ. ಹೌದು, ಪುಂಡಿಯ ಬಳಗವೇ. ನಾವು ಸೊಪ್ಪು ತಿಂತೀವಿ, ಅವರು ಹೂವಿನ ಕೆಂಪು ಪುಷ್ಪಪಾತ್ರೆಯನ್ನು ಒಣಗಿಸಿ ನೀರಿಗೆ ಹಾಕುತ್ತಾರೆ. ಅಲ್ಲಿದ್ದಷ್ಟು ದಿನ ನಾನು ಕುಡಿದದ್ದು ಅದನ್ನೇ. ಅದು ಬೆಲೆ ಕಟ್ಟದ ಬಾಟಲಿಗಳ ನಡುವೆ ಅತಿ ಅಗ್ಗದ್ದು ಅಂತ ಇವರಿಗೆ ಸಂಕಟ.

ಇವರ ಲೆಕ್ಕವೇ ಬೇರೆ. ಅಕೌಂಟೆಂಟ್ ಅಲ್ವಾ. ಮೊದಲ ದಿನ ಪೇಪರ್ ನ್ಯಾಪ್ಕಿನ್ ಮೇಲೆ ಗೀಟು ಹಾಕುತ್ತಾ ಕೂತರು. ಈ ಮಾರ್ಗರೀಟಾ ಕಾಕ್‌ಟೇಲ್ ಡಲ್ಲಾಸಿನಲ್ಲಾದರೆ ಹದಿನಾಲ್ಕು ಡಾಲರ್, ಅದು ಹನ್ನೆರಡು, ಅಂತ. ಸಂಜೆಯೊಳಗೆ ಎಂಬತ್ತು ಡಾಲರ್ 'ವಸೂಲಿ' ಆಗಿತ್ತು. ಎರಡನೇ ದಿನ ಮಜ್ಜಿಗೆ ಸಿಗುತ್ತದಾ ಅಂತ ವಿಚಾರಿಸುತ್ತಿದ್ದರು. ಸಿಗಲಿಲ್ಲ. ಅಂಗಡಿಯಿಂದ ಬೇರೆ ದುಡ್ಡು ಕೊಟ್ಟು ಹೊಟ್ಟೆಯ ಮಾತ್ರೆ ತರಬೇಕಾಯಿತು, ಆ ಗೀಟನ್ನು ಅವರು ನ್ಯಾಪ್ಕಿನ್ ಮೇಲೆ ಹಾಕಲಿಲ್ಲ.

ಮೂರನೇ ಸಂಜೆ ಟಕೀಲಾ ಅನ್ನುವ ಅಲ್ಲಿನ ಮದ್ಯದ ರುಚಿ ತೋರಿಸುವ ಕಾರ್ಯಕ್ರಮ. ನನಗೇನು ಕೆಲಸ ಅಂತ ಸುಮ್ನೆ ಹೋಗಿ ಕೂತೆ. ಮೇಜಿನ ಮೇಲೆ ಕುಂಡದಲ್ಲಿ ಒಂದು ಗಿಡ. ನೋಡಿದರೆ ಕತ್ತಾಳೆ! ನೀಲಿ ಛಾಯೆ ಬಿಟ್ಟರೆ ನಮ್ಮಪ್ಪನ ಹೊಲದ ಬದುವಿನದೇ. ಆರೇಳು ವರ್ಷ ಬೆಳೆದ ಮೇಲೆ ಎಲೆಯೆಲ್ಲ ಕತ್ತರಿಸಿ ಒಳಗಿನ ಗಡ್ಡೆಯಂಥ ದಿಂಡನ್ನು ಬೇಯಿಸಿ ಟಕೀಲಾ ಮಾಡುತ್ತಾರೆ. ನಾವು ಎಲೆ ಇಟ್ಟುಕೊಂಡೆವು, ದಿಂಡು ಬಿಟ್ಟೆವು. ಹೊಂಡದಲ್ಲಿ ಎಲೆ ಕೊಳೆಹಾಕಿ, ನಾರು ತೆಗೆದು, ದನ ಕಟ್ಟುವ ಹಗ್ಗ ಹೊಸೆಯುತ್ತಿದ್ದೆವು. ಆ ನೀರು ಮೈಗೆ ತಾಗಿದರೆ ನವೆ, ಹೊಂಡದ ನಾತಕ್ಕೆ ಮೂಗು ಮುಚ್ಚಿಕೊಂಡೇ ಓಡಾಡಬೇಕು. ಕಾನ್‌ಕೂನ್ ಇರುವ ಈ ಯುಕಟಾನ್ ಪರ್ಯಾಯದ್ವೀಪದಲ್ಲೇ ಸಿಸಲ್ ಅಂತ ಒಂದು ಬಂದರಿದೆ. ಅಲ್ಲಿಂದ ಹೊರಡುತ್ತಿದ್ದ ಕತ್ತಾಳೆ ನಾರಿಗೆ ಆ ಊರಿನದೇ ಹೆಸರು. ಸಪೋಟ ಕೂಡ ಈ ಸೀಮೆಯದೇ, ಅದರ ಹಾಲಿನಿಂದಲೇ ಮೊದಲು ಚೂಯಿಂಗ್ ಗಮ್ ಮಾಡುತ್ತಿದ್ದರು. ನೆಕ್ಕಿ ನೋಡಿದ ಟಕೀಲಾ ನನಗೆ ಹಿಡಿಸಲಿಲ್ಲ. ಆದರೆ ಆ ಕುಂಡದ ಮುಂದೆ ಒಂದು ಫೋಟೋ ತೆಗೆಸಿಕೊಂಡು ಅಣ್ಣನಿಗೆ ಕಳಿಸಿದೆ.

ಸಮುದ್ರದ ಬಗ್ಗೆ ಹೇಳಲೇಬೇಕು. ಜಾಹೀರಾತಿನ ಹಸಿರುನೀಲಿ ನೀರು ನಾಲ್ಕರಲ್ಲಿ ಒಂದೇ ದಿನ ಕಂಡದ್ದು. ಉಳಿದ ದಿನ ದಡದುದ್ದಕ್ಕೂ ಕಂದು ಪಾಚಿ, ಸರ್ಗಾಸಮ್. ಅಟ್ಲಾಂಟಿಕ್‌ನಿಂದ ತೇಲಿ ಬಂದು ರಾಶಿ ಬೀಳುತ್ತದೆ, ಕೊಳೆತರೆ ಕೆಟ್ಟ ಮೊಟ್ಟೆಯ ನಾತ. ಬೆಳಗಿನ ಜಾವ ಐದೂವರೆಗೇ ಆಳುಗಳು ಕುಂಟೆಯಂಥ ಸಲಕರಣೆ ಹಿಡಿದು ಎಳೆಯುತ್ತಿದ್ದರು, ಟ್ರ್ಯಾಕ್ಟರ್ ಹೊತ್ತೊಯ್ಯುತ್ತಿತ್ತು, ಹತ್ತು ಗಂಟೆಗೆ ಮತ್ತೆ ಅಷ್ಟೇ. ಇದು ಯಾರ ತಪ್ಪೂ ಅಲ್ಲ. ಬೇಸಿಗೆಯುದ್ದಕ್ಕೂ ಅಲ್ಲಿ ಇದರ ಕಾಟ. ನೀರಿಗಾಗಿ ಹೋಗುವವರು ಡಿಸೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ.

ಹಾಗಾದರೆ ಆ 'ದೊಡ್ಡವರಿಗೆ ಮಾತ್ರ' ಅನ್ನುವುದಕ್ಕೆ ಬೆಲೆ ಇದೆಯಾ? ಇದೆ. ಮೂರನೇ ಬೆಳಿಗ್ಗೆ ಅದು ನನಗೆ ಗೊತ್ತಾಯಿತು. ಈಜುಕೊಳದ ಪಕ್ಕದಲ್ಲಿ ನಲವತ್ತು ಜನ ಇದ್ದೆವು. ಕನಡಾದಿಂದ ಬಂದ ಎಪ್ಪತ್ತರ ದಂಪತಿ ಪದಬಂಧ ತುಂಬಿಸುತ್ತಿದ್ದರು. ಹೊಸದಾಗಿ ಮದುವೆಯಾದ ಜೋಡಿಗಳು ಅವರವರ ಲೋಕದಲ್ಲಿದ್ದವು. ಗ್ಲಾಸಿನಲ್ಲಿ ಮಂಜುಗಡ್ಡೆ ಕರಗಿ ಜಾರುವ ಸದ್ದು ಕೇಳುತ್ತಿತ್ತು. ಉಡದಂಥ ಒಂದು ಇಗ್ವಾನಾ ಬಂದು ನನ್ನ ಚಪ್ಪಲಿಯ ಪಕ್ಕ ಬಿಸಿಲು ಕಾಯಿಸುತ್ತಾ ಕೂತಿತು. ನಾನು ಮೊಣಕೈವರೆಗೆ ತೋಳಿರುವ, ಮಂಡಿಯವರೆಗೆ ಬರುವ ಈಜುಡುಪು ಹಾಕಿದ್ದೆ. ಮೊದಲ ದಿನ ಅದರ ಮೇಲೆ ಟವೆಲ್ ಹೊದ್ದಿದ್ದೆ. ಅಲ್ಲಿ ಯಾರಿಗೂ ಯಾರನ್ನೂ ನೋಡುವ ಪುರುಸೊತ್ತಿಲ್ಲ ಅಂತ ಖಾತ್ರಿಯಾದ ಮೇಲೆ ಟವೆಲ್ ತೆಗೆದಿಟ್ಟೆ. ಎರಡು ಗಂಟೆ ನಾವಿಬ್ಬರೂ ಒಂದು ಮಾತಾಡಲಿಲ್ಲ, ಜಗಳವೂ ಆಗಿರಲಿಲ್ಲ. ಆಮೇಲೆ ಇವರು, "ಹುಡುಗ ಊಟ ಮಾಡಿದನೋ ಇಲ್ಲೋ, ಫೋನ್ ಹಚ್ಚು" ಅಂದರು. ಹಚ್ಚಿದೆ. ಅವನು ಎತ್ತಲಿಲ್ಲ.

ಖರ್ಚಿನ ಒಂದು ಮಾತು. 'ಎಲ್ಲ ಸೇರಿ' ಅಂದರೂ ಟಿಪ್ಸ್ ಬೇರೆ ಕೊಡಬೇಕು, ಕೊಡಲೂಬೇಕು. ನಮ್ಮ ರೂಮು ಗುಡಿಸುವಾಕೆ ದಿನಾ ಒಂದೂವರೆ ಗಂಟೆ ಬಸ್ಸಿನಲ್ಲಿ ಬರುತ್ತಿದ್ದಳು. ಡಾಲರಿಗಿಂತ ಪೆಸೋ ಕೊಡಿ, ಅವರಿಗೆ ಬದಲಿಸುವ ತಾಪತ್ರಯ ತಪ್ಪುತ್ತದೆ. ಹೊರಡುವಾಗ ರಾತ್ರಿಗಿಷ್ಟು ಅಂತ ಪರಿಸರದ ತೆರಿಗೆಯನ್ನೂ ಕಟ್ಟಿಸಿಕೊಂಡರು. ನಾಲ್ಕು ರಾತ್ರಿ ಸರಿ, ಏಳು ಇದ್ದಿದ್ದರೆ ಅಣಬೆ ನೋಡಿ ಅಳುತ್ತಿದ್ದೆ. ಐದಕ್ಕೆ ಮೂರೂವರೆ ಕೊಡ್ತೀನಿ. ಅದರಲ್ಲಿ ಒಂದು ಪೂರ್ತಿ ಆ ಕೊಮಾಲಿನ ಮುಂದೆ ನಿಂತಿದ್ದವಳದು.

ಈ ಡಿಸೆಂಬರಿಗೆ ಅಕ್ಕ ನಮ್ಮಲ್ಲಿಗೆ ಬರ್ತಾಳೆ. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಭಾರತದ ಪಾಸ್‌ಪೋರ್ಟಿಗೆ ಮೆಕ್ಸಿಕೋದ ವೀಸಾ ಬೇರೆ ಬೇಕಿಲ್ಲ. ಅದನ್ನು ಹೇಳಿದ ಮೇಲೆ ಪೋಸ್ಟರಿನ ಮಾತೆಲ್ಲ ಮರೆತಿದ್ದಾಳೆ. "ಆಕಿ ಹಂಚು ನನಗ ಒಂದ್ ಹತ್ತು ನಿಮಿಷ ಬಿಟ್ಟುಕೊಡ್ತಾಳೇನು ಕೇಳು, ಜೋಳದ ಹಿಟ್ಟು ನಾ ತರ್ತೀನಿ" ಅಂತ ಮೊನ್ನೆ ಮತ್ತೆ ಫೋನ್ ಮಾಡಿದ್ದಳು.