ಸುಲಭದ ಬಂಡೆ ಯಾವುದು: ಬಾದಾಮಿಯೋ, ಸಾವನದುರ್ಗವೋ?

ಐವತ್ತು ದಾಟಿದವರು, ಎತ್ತರಕ್ಕೆ ಅಳುಕುವವರು ದಾರಿ ಎಷ್ಟು ಕಷ್ಟ ಎಂದು ಹೇಳುವ ಗ್ರೇಡನ್ನಷ್ಟೇ ನಂಬಿ ಹತ್ತುವ ಬಂಡೆ ಆರಿಸಬಾರದು. ಸಾವನದುರ್ಗದ ಗ್ರಾನೈಟ್ ಇಳಿಜಾರು ದೂರದಿಂದ ನೋಡಿದರೆ ನಡೆದೇ ಹತ್ತಬಹುದು ಅನ್ನಿಸುತ್ತದೆ. ಆದರೆ ಅಲ್ಲಿ ಕೈಗೆ ಹಿಡಿತ ಸಿಗುವುದು ಕಡಿಮೆ. ಶೂ ತಳದ ರಬ್ಬರ್ ಕಚ್ಚಿಕೊಳ್ಳುವುದೇ ಆಧಾರ. ಹೆದರಿದವರು ಬಂಡೆಗೆ ಎದೆಯೊತ್ತಿ ಅಂಟಿಕೊಳ್ಳುತ್ತಾರೆ, ಭಾರ ಪಾದದಿಂದ ಸರಿಯುತ್ತದೆ, ಕಾಲು ಜಾರುತ್ತದೆ. ಹಿಮ್ಮಡಿ ತಗ್ಗಿಸಿ, ಸೊಂಟ ಹೊರಗಿಟ್ಟು ನಿಲ್ಲಬೇಕು. ಹಗ್ಗ ಸಿಕ್ಕಿಸಲು ಬಂಡೆಗೆ ಜಡಿದ ಬೋಲ್ಟ್‌ಗಳ ನಡುವಿನ ಅಂತರವೂ ಹೆಚ್ಚು.

ಬಾದಾಮಿಯ ಮರಳುಗಲ್ಲು ನೆಟ್ಟಗೆ ನಿಂತು ಹೆದರಿಸುತ್ತದೆ, ನಿಜ. ಹತ್ತಿರ ಹೋದರೆ ಅಡ್ಡ ಪದರಗಳ ಅಂಚು ಬೆರಳಿಗೆ ಭದ್ರವಾಗಿ ಸಿಗುತ್ತದೆ. ಅಳುಕುವವರಿಗೆ ನಮ್ಮ ಆಯ್ಕೆ ಇದೇ. ಮೊಣಕಾಲು ನೋವಿದ್ದರೆ ಮಾತ್ರ ಎತ್ತರದ ಹೆಜ್ಜೆಗಳು ಕಾಡುತ್ತವೆ. ಅಂಥವರಿಗೆ ಇಳಿಜಾರೇ ಹಿತ. ಮಳೆಗೆ ನೆನೆದ ಮರಳುಗಲ್ಲಿನ ಅಂಚು ಮುರಿಯುತ್ತದೆ, ಪೂರ್ತಿ ಒಣಗುವವರೆಗೆ ಹತ್ತುವುದು ಬೇಡ.

ಎಲ್ಲಿಯೇ ಆಗಲಿ, ಫ್ರೆಂಚ್ ಗ್ರೇಡ್ 4ರ (ಸುಲಭದ ಮಟ್ಟ) ಆಸುಪಾಸಿನ, 15 ಮೀಟರ್ ಒಳಗಿನ ದಾರಿಯನ್ನು ಟಾಪ್‌ರೋಪ್‌ನಲ್ಲಿ, ಅಂದರೆ ಮೇಲಿನ ಆಧಾರದಿಂದ ಹಾದು ಬರುವ ಹಗ್ಗ ಕಟ್ಟಿಕೊಂಡು, ಶುರುಮಾಡಿ. ಹಗ್ಗ ಹಿಗ್ಗುವುದರಿಂದ ನೆಲದ ಹತ್ತಿರ ಜಾರಿದರೆ ಮೀಟರಿನಷ್ಟು ಕೆಳಗಿಳಿಯಬಹುದು. ಮೊದಲ ಎರಡು-ಮೂರು ಹೆಜ್ಜೆಗೆ ಹಗ್ಗ ಬಿಗಿಯಾಗಿಯೇ ಇರಲಿ ಎಂದು ಕೆಳಗೆ ಹಿಡಿದವರಿಗೆ ಮೊದಲೇ ಹೇಳಿ.