ತಂಡ ಸೋಲುತ್ತಿರುವಾಗ ಎಂಎಲ್‌ಬಿ ಆ್ಯಪ್‌ಗೆ ದುಡ್ಡು ಕಟ್ಟಬೇಕೇ? ಬಳ್ಳಾರಿಯ ಗಡಿಯಾರಕ್ಕೆ ಒಂದು ವಿಮರ್ಶೆ

ಎಂಎಲ್‌ಬಿ ಅಂದರೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್. ಅದರ ಆ್ಯಪ್‌ನ ಉಚಿತ ಭಾಗಕ್ಕೆ ಐದರಲ್ಲಿ ನಾಲ್ಕೂವರೆ ಅಂಕ. ಅದರ ಮೇಲೆ ದುಡ್ಡು ಕೊಟ್ಟು ತೆಗೆದುಕೊಳ್ಳುವ ನೇರ ವಿಡಿಯೊ ಸೇವೆ ಎಂಎಲ್‌ಬಿ ಟಿವಿಗೆ ಮೂರು. ಈ ಅಂಕಗಳು ನಿಮ್ಮ ತಂಡ ಜೂನ್-ಜುಲೈನಲ್ಲಿ ಸಾಲಾಗಿ ಸೋಲುತ್ತಿರುವ ದಿನಗಳಿಗೆ ಕೊಟ್ಟವು. ಗೆಲ್ಲುವ ತಂಡದ ಅಭಿಮಾನಿಗೆ ಯಾವ ಆ್ಯಪ್ ಆದರೂ ಚಂದವೇ, ಅಂಥವರಿಗೆ ವಿಮರ್ಶೆ ಬೇಕಿಲ್ಲ.

ಬಳ್ಳಾರಿಯಲ್ಲಿ ಬೇಸ್‌ಬಾಲ್ ಯಾರು ನೋಡುತ್ತಾರೆ ಅಂತ ಕೇಳಬೇಡಿ. ಮಕ್ಕಳು ಡಲ್ಲಾಸ್‌ನಲ್ಲೋ ಚಿಕಾಗೊದಲ್ಲೋ ಇದ್ದು, ಆರು ತಿಂಗಳು ಅಲ್ಲಿ ಕಳೆದು ಬಂದ ಅಪ್ಪ-ಅಮ್ಮಂದಿರನ್ನು ಕೇಳಿ. ಮೊಮ್ಮಗನ ಊರಿನ ತಂಡವೇ ಇವರ ತಂಡ. ನಮ್ಮೂರ ಹೆಸರಿನ ತಂಡ ಅಂತ ಕೂಗಲು ಇಲ್ಲಿ ಉಳಿದಿರುವುದಾದರೂ ಏನು? ಕ್ರಿಕೆಟ್‌ನ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಇದ್ದಾಗ ಬಳ್ಳಾರಿ ಟಸ್ಕರ್ಸ್ ಇತ್ತು. 2022ರಲ್ಲಿ ಶುರುವಾದ ಮಹಾರಾಜ ಟ್ರೋಫಿಯ ಆರು ತಂಡಗಳಲ್ಲಿ ಬಳ್ಳಾರಿ ಇಲ್ಲ. (ಓಕ್ಲೆಂಡ್‌ನವರೂ ಇದೇ ಸಂಕಟದಲ್ಲಿದ್ದಾರೆ. ಅವರ ಬೇಸ್‌ಬಾಲ್ ತಂಡ ಅಥ್ಲೆಟಿಕ್ಸ್ 2024ರ ನಂತರ ಊರನ್ನೇ ಬಿಟ್ಟು ಹೋಯಿತು.)

ಮೊದಲು ಸಮಯದ ಲೆಕ್ಕ. ಬೇಸ್‌ಬಾಲ್ ಋತು ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ, ತಂಡಕ್ಕೆ 162 ಪಂದ್ಯ. ಅಷ್ಟೂ ದಿನ ಅಲ್ಲಿ ಬೇಸಿಗೆ ಸಮಯವೇ ನಡೆಯುವುದರಿಂದ ಒಂದೇ ಲೆಕ್ಕ ಸಾಕು: ನ್ಯೂಯಾರ್ಕ್‌ಗೆ ಒಂಬತ್ತೂವರೆ ಗಂಟೆ ಕೂಡಿಸಿ, ಚಿಕಾಗೊ ಮತ್ತು ಡಲ್ಲಾಸ್‌ಗೆ ಹತ್ತೂವರೆ, ಸ್ಯಾನ್ ಫ್ರಾನ್ಸಿಸ್ಕೊಗೆ ಹನ್ನೆರಡೂವರೆ. ನ್ಯೂಯಾರ್ಕಿನ ಸಂಜೆ 7.10ರ ಪಂದ್ಯ ಇಲ್ಲಿ ಬೆಳಗಿನ ಜಾವ 4.40. ಚಿಕಾಗೊದ 6.40ರ ಪಂದ್ಯ ಇಲ್ಲಿ 5.10. ಸ್ಯಾನ್ ಫ್ರಾನ್ಸಿಸ್ಕೊದ 6.45ರದ್ದು 7.15, ಅಂದರೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಬೆಳಗಿನ ಪಾಳಿಯವರಿಗೆ ಅದು ಇಲ್ಲವೇ ಇಲ್ಲ. ಭಾನುವಾರ ಮಧ್ಯಾಹ್ನದ ಪಂದ್ಯವೊಂದೇ ನಮ್ಮ ಪಾಲಿಗೆ ಸರಿಯಾದದ್ದು: ನ್ಯೂಯಾರ್ಕಿನ 1.40 ಇಲ್ಲಿ ರಾತ್ರಿ 11.10, ಮಂಡಕ್ಕಿ-ಮಿರ್ಚಿ ಇಟ್ಟುಕೊಂಡು ಕೂರಬಹುದು. ಇನ್ನೊಂದು ಗೊಂದಲವಿದೆ. ಅಮೆರಿಕದ ಮಂಗಳವಾರ ರಾತ್ರಿಯ ಪಂದ್ಯ ನಮಗೆ ಬುಧವಾರ ಬೆಳಗ್ಗೆ ಬರುತ್ತದೆ, ಆದರೆ ಅದನ್ನು ಹುಡುಕಬೇಕಾದದ್ದು ಮಂಗಳವಾರದ ಪುಟದಲ್ಲಿ.

ಚಂದಾ ಕಟ್ಟುವ ಮುಂಚೆ ಡೇಟಾ ಲೆಕ್ಕ ಹಾಕಿ. 2023ರಲ್ಲಿ ಪ್ರತಿ ಎಸೆತಕ್ಕೆ ಸೆಕೆಂಡುಗಳ ಮಿತಿ ಹಾಕುವ ಪಿಚ್ ಗಡಿಯಾರ ಬಂದ ಮೇಲೆ ಪಂದ್ಯ ಸುಮಾರು ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿದಿದೆ. ಪೂರ್ಣ ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 2ರಿಂದ 3 ಜಿಬಿ ನುಂಗುತ್ತದೆ. ದಿನಕ್ಕೆ 2 ಜಿಬಿ ಪ್ಯಾಕ್ ಇದ್ದರೆ ಒಂಬತ್ತರಲ್ಲಿ ಮೂರನೇ ಇನ್ನಿಂಗ್ಸ್ ಹೊತ್ತಿಗೆ ಪ್ಯಾಕ್ ಮುಗಿದಿರುತ್ತದೆ. ಹಾಗಾಗಿ ಮನೆಯಲ್ಲಿ ಫೈಬರ್ ಸಂಪರ್ಕ ಬೇಕು. ಬೆಳಗಿನ ಜಾವ ಕರೆಂಟ್ ಹೋಗುವ ಬಡಾವಣೆಯಾದರೆ ರೌಟರ್‌ಗೆ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಕೂಡ ಬೇಕು. ಕೊಳ್ಳುವ ಮುನ್ನ ರೌಟರ್‌ನ ಅಡಾಪ್ಟರ್ ಮೇಲೆ ಬರೆದಿರುವ ಆಂಪಿಯರ್ ನೋಡಿ. 2 ಆಂಪಿಯರ್ ಕೇಳುವ ರೌಟರ್‌ಗೆ 1 ಆಂಪಿಯರ್ ಯುಪಿಎಸ್ ಹಾಕಿದರೆ ಕರೆಂಟ್ ಹೋದ ಕ್ಷಣವೇ ರೌಟರ್ ಆಫ್ ಆಗಿ ಮತ್ತೆ ಆನ್ ಆಗುತ್ತಾ ಕೂರುತ್ತದೆ. ಇಷ್ಟೆಲ್ಲ ಬೇಡ ಅನ್ನುವವರಿಗೆ ರೇಡಿಯೊ ಪ್ರಸಾರವಿದೆ. ಅದರ ಚಂದಾ ವಿಡಿಯೊಗಿಂತ ತುಂಬಾ ಕಡಿಮೆ. 128 ಕಿಲೋಬಿಟ್ ಧ್ವನಿಯಾದರೂ ಗಂಟೆಗೆ 60 ಎಂಬಿ ದಾಟುವುದಿಲ್ಲ.

ದುಡ್ಡು ಕಟ್ಟದೆಯೇ ಸಿಗುವ ‘ಗೇಮ್‌ಡೇ’ ಈ ಆ್ಯಪ್‌ನ ನಿಜವಾದ ಬಂಡವಾಳ. ಪ್ರತಿ ಎಸೆತ ಎಲ್ಲಿ ಬಿತ್ತು, ಎಷ್ಟು ವೇಗ, ಬ್ಯಾಟಿಗೆ ತಗುಲಿದ ಚೆಂಡು ಎಷ್ಟು ವೇಗದಲ್ಲಿ ಯಾವ ಕೋನದಲ್ಲಿ ಹೋಯಿತು, ಎಲ್ಲವೂ ಚಿತ್ರವಾಗಿ ಬರುತ್ತದೆ. ತಂಡ ಸೋಲುತ್ತಿರುವಾಗ ಅಭಿಮಾನಿಗೆ ಬೇಕಾದದ್ದು ಒಂದೇ ಉತ್ತರ: ಇದು ಗ್ರಹಚಾರವೋ, ತಂಡವೇ ಕೆಟ್ಟಿದೆಯೋ? ಆ ಉತ್ತರ ವಿಡಿಯೊಗಿಂತ ಇಲ್ಲಿ ಬೇಗ ಸಿಗುತ್ತದೆ.

ಮೊದಲು ಅಂಕಪಟ್ಟಿಯಲ್ಲಿ ರನ್ ವ್ಯತ್ಯಾಸದ ಅಂಕಣ ನೋಡಿ. ಗೆಲುವಿನ ಪಾಲು ಎಷ್ಟಿರಬೇಕಿತ್ತು ಅಂತ ಹೇಳಲು ಬೇಸ್‌ಬಾಲ್ ಅಂಕಿಅಂಶ ತಜ್ಞ ಬಿಲ್ ಜೇಮ್ಸ್ ಕೊಟ್ಟ ಸೂತ್ರ ಸರಳ: ಗಳಿಸಿದ ರನ್‌ಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಬೇಕು. ನಿಮ್ಮ ತಂಡ 90 ಪಂದ್ಯದಲ್ಲಿ 400 ರನ್ ಹೊಡೆದು 380 ಕೊಟ್ಟಿದೆ ಅಂದುಕೊಳ್ಳಿ. 1,60,000ವನ್ನು 3,04,400ರಿಂದ ಭಾಗಿಸಿದರೆ 0.526 ಬರುತ್ತದೆ. 90 ಪಂದ್ಯಕ್ಕೆ 47 ಗೆಲುವು ಇರಬೇಕಿತ್ತು. ಪಟ್ಟಿಯಲ್ಲಿ 41 ಅಂತಿದ್ದರೆ ಒಂದೊಂದು ರನ್‌ನ ಅಂತರದಲ್ಲಿ ಕೈತಪ್ಪಿದ ಪಂದ್ಯಗಳು ಜಾಸ್ತಿ ಅಂತ ಅರ್ಥ. ಇಂಥ ತಂಡವನ್ನು ಬೈಯುವುದು ವ್ಯರ್ಥ, ಕಾಯುವುದೇ ಸರಿ. ತಿರುಗಾಮುರುಗಾ ಆಗಿದ್ದರೆ, ಅಂದರೆ ರನ್ ವ್ಯತ್ಯಾಸ ಮೈನಸ್ ಇದ್ದೂ ಗೆಲುವು ಜಾಸ್ತಿ ಇದ್ದರೆ, ಈಗಿನ ಸೋಲುಗಳು ಹಳೇ ಸಾಲದ ವಸೂಲಿ.

ಆಮೇಲೆ ಬ್ಯಾಟಿಂಗ್. ಮೈದಾನದೊಳಗೆ ಬಿದ್ದ ಚೆಂಡುಗಳಲ್ಲಿ (ಬೇಲಿ ದಾಟುವ ಹೋಮ್ ರನ್ ಬಿಟ್ಟು) ಹಿಟ್ ಆಗುವುದು, ಅಂದರೆ ಬ್ಯಾಟರ್ ಔಟಾಗದೆ ಬೇಸ್ ಸೇರುವುದು, ಲೀಗ್ ಸರಾಸರಿಯಲ್ಲಿ ನೂರಕ್ಕೆ ಸುಮಾರು 29-30. ಎರಡು ವಾರ ಇದು 25ಕ್ಕೆ ಇಳಿದಿದ್ದು, ಗೇಮ್‌ಡೇಯಲ್ಲಿ ಗಂಟೆಗೆ 95 ಮೈಲಿ, ಅಂದರೆ 153 ಕಿಲೋಮೀಟರ್ ದಾಟಿದ ಹೊಡೆತಗಳು ಮಾಮೂಲಿನಂತೆ ಬರುತ್ತಿದ್ದರೆ, ಹೊಡೆತಗಳು ಫೀಲ್ಡರ್ ಕೈಗೇ ಹೋಗುತ್ತಿವೆ ಅಷ್ಟೇ. ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಔಟಾಗುವುದು, ಏರುತ್ತಿದ್ದರೆ ಕಥೆ ಬೇರೆ. ಎಂಎಲ್‌ಬಿಯದ್ದೇ ಉಚಿತ ತಾಣ ‘ಬೇಸ್‌ಬಾಲ್ ಸಾವಂತ್’ನಲ್ಲಿ ಇದೇ ಅಂಕಿಗಳು ಆಟಗಾರನ ಹೆಸರಿನಡಿ ಒಟ್ಟಿಗೆ ಸಿಗುತ್ತವೆ. ಫೋನಿನ ಸಣ್ಣ ಪರದೆಯಲ್ಲಿ ಅದನ್ನು ಓದುವುದು ಕಷ್ಟ, ಲ್ಯಾಪ್‌ಟಾಪ್‌ನಲ್ಲಿ ತೆರೆಯಿರಿ.

ಚೆಂಡೆಸೆಯುವ ಪಿಚರ್‌ಗಳ ವಿಷಯದಲ್ಲಿ ವೇಗವನ್ನು ಗಮನಿಸಿ. ಫಾಸ್ಟ್‌ಬಾಲ್ ಏಪ್ರಿಲ್‌ಗಿಂತ ಎರಡು ಮೈಲಿ ಕಡಿಮೆಯಾಗಿದ್ದು, ಮುಂದಿನ ಸರದಿಗಳಲ್ಲೂ ಏರದಿದ್ದರೆ ತೋಳಿನಲ್ಲೇನೋ ತೊಂದರೆ ಅಂತ ಅನುಮಾನಿಸಬಹುದು. ಗಾಯಾಳುಗಳ ಪಟ್ಟಿಗೆ ಹೋದ ಪಿಚರ್ ಕನಿಷ್ಠ 15 ದಿನ ಹೊರಗೆ, ಬ್ಯಾಟರ್ ಆದರೆ 10 ದಿನ. ಏಳನೇ ಇನ್ನಿಂಗ್ಸ್‌ವರೆಗೆ ಮುಂದಿದ್ದು ಸೋಲುವುದೇ ಚಾಳಿಯಾಗಿದ್ದರೆ ಹಿಂದಿನ ಮೂರು ದಿನಗಳ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಗಳ ಪಟ್ಟಿ) ತೆರೆದು ಬುಲ್‌ಪೆನ್‌ನ, ಅಂದರೆ ಆರಂಭಿಕ ಪಿಚರ್ ನಂತರ ಬರುವ ಪಿಚರ್‌ಗಳ, ಎಸೆತಗಳನ್ನು ಕೂಡಿಸಿ. ಅದೇ ಇಬ್ಬರು ಮೂರು ದಿನ ಸತತ ಎಸೆದಿದ್ದರೆ ತಪ್ಪು ಅವರದ್ದಲ್ಲ, ಐದು ಇನ್ನಿಂಗ್ಸ್ ಕೂಡ ಉಳಿಯದ ಆರಂಭಿಕ ಪಿಚರ್‌ಗಳದ್ದು. 2020ರಿಂದ ಬಂದ ನಿಯಮದ ಪ್ರಕಾರ ಒಳಬಂದ ಪಿಚರ್ ಕನಿಷ್ಠ ಮೂರು ಬ್ಯಾಟರ್‌ಗಳಿಗೆ ಎಸೆಯಬೇಕು, ಅಥವಾ ಇನ್ನಿಂಗ್ಸ್ ಮುಗಿಸಬೇಕು. ಹಾಗಾಗಿ ‘ಇವನನ್ನು ಈಗಲೇ ತೆಗೀರಿ’ ಅಂತ ಕೂಗಿದರೂ ಮ್ಯಾನೇಜರ್‌ನ ಕೈ ಕಟ್ಟಿರುತ್ತದೆ.

ಇನ್ನು ದುಡ್ಡು ಕೊಡುವ ಭಾಗ. ವಿಡಿಯೊ ಗುಣಮಟ್ಟ ಚೆನ್ನಾಗಿದೆ. ಎರಡೂ ತಂಡಗಳ ಪ್ರಸಾರ ಸಿಗುವುದು ದೊಡ್ಡ ಅನುಕೂಲ: ಸೋಲಿನ ದಿನಗಳಲ್ಲಿ ಎದುರಾಳಿಯ ಕಾಮೆಂಟರಿ ಹಾಕಿಕೊಳ್ಳಿ. ನಿಮ್ಮ ತಂಡದ ಕಡೆಯವರು ಸಮಾಧಾನ ಹೇಳುತ್ತಾ ಕೂರುತ್ತಾರೆ, ಎದುರಾಳಿ ಕಡೆಯವರು ನಿಮ್ಮ ಬ್ಯಾಟರ್ ಯಾವ ಎಸೆತಕ್ಕೆ ಬೀಳುತ್ತಾನೆ ಅಂತ ನೇರವಾಗಿ ಹೇಳುತ್ತಾರೆ. ಹತ್ತು-ಹದಿನೈದು ನಿಮಿಷದ ‘ಕಂಡೆನ್ಸ್ಡ್ ಗೇಮ್’ ಬೆಳಗ್ಗೆ ಬಸ್ಸಿಗೆ ಕಾಯುವಾಗ ನೋಡಲು ಸರಿ. ಆದರೆ ಅದರಲ್ಲಿ ಹೆಚ್ಚಾಗಿ ಪ್ರತಿ ಬ್ಯಾಟರ್‌ನ ಕೊನೆಯ ಎಸೆತ ಮಾತ್ರ ಇರುತ್ತದೆ. ಮೊದಲೆರಡು ಸ್ಟ್ರೈಕ್ ಸುಮ್ಮನೆ ಬಿಟ್ಟು ಹಿಂದೆ ಬಿದ್ದು, ಆಮೇಲೆ ಹೊರಗಿನ ಚೆಂಡಿಗೆ ಬ್ಯಾಟ್ ಬೀಸಿದ್ದು ಕಾಣುವುದಿಲ್ಲ. ಫಾರ್ಮ್ ಏಕೆ ಹೋಗಿದೆ ಎಂಬುದು ಅಲ್ಲೇ ಇರುವುದರಿಂದ ಗೇಮ್‌ಡೇಯ ಎಸೆತಗಳ ಪಟ್ಟಿಯನ್ನು ಜೊತೆಗಿಟ್ಟು ನೋಡಬೇಕು.

ಆ್ಯಪ್‌ನ ಕೆಟ್ಟ ಗುಣ ಅದರ ಸೂಚನೆಗಳು. ನೇರ ವಿಡಿಯೊ ತಡವಾಗಿ ಬರುತ್ತದೆ, ಸೂಚನೆ ಬೇಗ ಬರುತ್ತದೆ. ಎದುರಾಳಿ ಹೋಮ್ ರನ್ ಹೊಡೆದದ್ದು ಪಿಚರ್ ಇನ್ನೂ ಚೆಂಡು ಎಸೆಯುವ ಮುಂಚೆಯೇ ಫೋನಿನ ನೆತ್ತಿಯಲ್ಲಿ ಬಂದಿರುತ್ತದೆ. ನಿದ್ದೆಗೆಟ್ಟು ಎದ್ದವನಿಗೆ ಇದಕ್ಕಿಂತ ಶಿಕ್ಷೆ ಬೇಡ. ಸೂಚನೆಗಳಲ್ಲಿ ‘ಪಂದ್ಯ ಶುರು’ ಒಂದನ್ನು ಉಳಿಸಿ ಮಿಕ್ಕದ್ದು ಆಫ್ ಮಾಡಿ. ಸ್ಕೋರ್ ಮುಚ್ಚಿಡುವ ಆಯ್ಕೆಯೂ ಸೆಟ್ಟಿಂಗ್ಸ್‌ನಲ್ಲಿದೆ, ಆದರೆ ಅಂಕಪಟ್ಟಿ ತೆರೆದರೆ ಸೋಲಿನ ಎಣಿಕೆಯೇ ಗುಟ್ಟು ಬಿಟ್ಟುಕೊಡುತ್ತದೆ. ಗೆಲುವಿನ ಸಾಧ್ಯತೆಯ ಗ್ರಾಫ್ ಅಂತೂ ಸೋಲುವ ತಂಡದವರು ತೆರೆಯಲೇಬಾರದು.

ವರ್ಷದ ಚಂದಾವನ್ನು ಏಪ್ರಿಲ್‌ನ ಹುರುಪಿನಲ್ಲಿ ಕಟ್ಟುವುದು ಅವಸರ. ಆರ್‌ಸಿಬಿ 2024ರಲ್ಲಿ ಮೊದಲ ಎಂಟರಲ್ಲಿ ಏಳು ಸೋತು, ಕೊನೆಯ ಆರನ್ನೂ ಗೆದ್ದು ಪ್ಲೇಆಫ್ ಸೇರಿದ್ದು ನೆನಪಿದೆಯಲ್ಲ? ಅದು 14 ಪಂದ್ಯಗಳ ಆಟ. 162 ಪಂದ್ಯಗಳಲ್ಲಿ ಏರಿಳಿತ ನಿಧಾನ, ಆದರೆ ಆಗುತ್ತದೆ. 2019ರಲ್ಲಿ ವಾಷಿಂಗ್ಟನ್ ತಂಡ 19 ಗೆದ್ದು 31 ಸೋತ ಸ್ಥಿತಿಯಿಂದ ಎದ್ದು ಋತುವಿನ ಫೈನಲ್ ಆದ ವರ್ಲ್ಡ್ ಸೀರೀಸ್ ಗೆದ್ದಿತು. 2025ರಲ್ಲಿ ನ್ಯೂಯಾರ್ಕ್ ಮೆಟ್ಸ್ ಜೂನ್ ಮಧ್ಯದಲ್ಲಿ 45-24 ಇದ್ದದ್ದು ಕೊನೆಗೆ 83-79ಕ್ಕೆ ಬಂದು ಪ್ಲೇಆಫ್ ಕಳೆದುಕೊಂಡಿತು. 2024ರ ಚಿಕಾಗೊ ವೈಟ್ ಸಾಕ್ಸ್‌ನಂತೆ 121 ಸೋಲುವ ತಂಡವಾದರೆ ಉಚಿತ ಗೇಮ್‌ಡೇಯೇ ಹೆಚ್ಚಾಯಿತು.

ಲೆಕ್ಕ ಹೀಗೆ ಹಾಕಿ: ನಿಮ್ಮ ವಿಭಾಗದ ಮುಂಚೂಣಿ ತಂಡ 55-35, ನಿಮ್ಮದು 46-44 ಇದ್ದರೆ ಅಂತರ 9 ಪಂದ್ಯ. ಉಳಿದ 72ರಲ್ಲಿ ಅವರು ಅರ್ಧ ಗೆದ್ದರೂ ಸಮ ಮಾಡಲು ನಿಮಗೆ 45 ಬೇಕು. ವಿಭಾಗ ಗೆಲ್ಲುವ ಆಸೆ ಬಿಟ್ಟು, ಗೆಲ್ಲದವರಿಗೂ ಪ್ಲೇಆಫ್ ಕೊಡುವ ವೈಲ್ಡ್ ಕಾರ್ಡ್ ಪಟ್ಟಿ ನೋಡುವುದು ಜಾಣತನ. 2022ರಿಂದ ಎಂಎಲ್‌ಬಿಯ ಎರಡು ಲೀಗ್‌ಗಳಲ್ಲಿ ತಲಾ ಮೂರು ವೈಲ್ಡ್ ಕಾರ್ಡ್‌ಗಳಿದ್ದು, ಒಟ್ಟು 12 ತಂಡ ಮುಂದೆ ಹೋಗುತ್ತವೆ. ಜುಲೈ ಕೊನೆ ಅಥವಾ ಆಗಸ್ಟ್ ಮೊದಲ ದಿನಗಳಲ್ಲಿ ಆಟಗಾರರ ವಿನಿಮಯದ ಗಡುವು ಮುಗಿಯುತ್ತದೆ. ತಂಡ ಆಟಗಾರರನ್ನು ಕೊಂಡಿತೋ ಮಾರಿತೋ ನೋಡಿಕೊಂಡು ತಿಂಗಳ ಚಂದಾ ತೆಗೆದುಕೊಳ್ಳಿ. ಅಲ್ಲಿಯವರೆಗೆ ದಿನಕ್ಕೊಂದು ಉಚಿತ ಪಂದ್ಯವಿದೆ, ಖಾತೆ ತೆರೆದರೆ ಸಾಕು. ನಿಮ್ಮ ತಂಡದ್ದೇ ಸಿಗುತ್ತದೆ ಅಂತಿಲ್ಲ.

ಕಾರ್ಡ್‌ನಲ್ಲಿ ಕಟ್ಟುವುದಾದರೆ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಆನ್‌ಲೈನ್ ವಹಿವಾಟನ್ನು ಚಾಲೂ ಮಾಡಿ ಮಿತಿ ಹಾಕಬೇಕು. ಇಲ್ಲದಿದ್ದರೆ ಪಾವತಿ ನಿರಾಕರಣೆಯಾಗುತ್ತದೆ. ಡಾಲರ್ ದರದ ಮೇಲೆ ಬ್ಯಾಂಕಿನ ವಿನಿಮಯ ಶುಲ್ಕವನ್ನೂ ಸೇರಿಸಿ ಲೆಕ್ಕ ಹಾಕಿ. ಚಂದಾ ತಾನಾಗಿಯೇ ನವೀಕರಣವಾಗುವ ವ್ಯವಸ್ಥೆ ಇದೆ, ಫೋನಿನಿಂದ ಆ್ಯಪ್ ಅಳಿಸಿದರೆ ಅದು ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ಕಟ್ಟಿದ್ದರೆ ಪ್ರೊಫೈಲ್ ಚಿತ್ರ ಒತ್ತಿ ಪಾವತಿ ಮತ್ತು ಚಂದಾ ವಿಭಾಗದಲ್ಲಿ ರದ್ದು ಮಾಡಿ. ವೆಬ್‌ಸೈಟ್‌ನಲ್ಲಿ ಕಟ್ಟಿದ್ದರೆ ಅಲ್ಲಿನ ಖಾತೆಯಲ್ಲೇ ನವೀಕರಣ ಆಫ್ ಮಾಡಬೇಕು. ಕಟ್ಟಿದ ದಿನವೇ ಆಫ್ ಮಾಡಿಟ್ಟರೂ ಅವಧಿ ಮುಗಿಯುವವರೆಗೆ ಪಂದ್ಯಗಳು ಬರುತ್ತವೆ.